ಅಮ್ಮ ಎದ್ದಳಾ, ಎದ್ದರಾ? ಈ ಕತೆಯನ್ನು ಯಾರ ಬಾಯಲ್ಲಿ ಹೇಳಿಸಲಿ?

ಪ್ರಶ್ನೆ:
ಒಂದು ಸಣ್ಣಕತೆ ಮೂರು ತಿಂಗಳಿಂದ ಕೈಯಲ್ಲೇ ಇದೆ. ಅಮ್ಮ ತನ್ನ ಹೊಲಿಗೆ ಮಷೀನ್ ಮಾರುತ್ತಾಳೆ, ಅಷ್ಟೇ, ಒಂದೇ ದಿನದ ಕತೆ. ಮೊದಲು 10 ವರ್ಷದ ಮಗನ ಬಾಯಲ್ಲಿ ‘ನಾನು’ ಅಂತ ಬರೆದೆ. ಚೆನ್ನಾಗಿಯೇ ಓಡಿತು, ಆದರೆ ಅಮ್ಮ ಒಳಕೋಣೆಯಲ್ಲಿ ಕೊಳ್ಳುವವರ ಜೊತೆ ರೇಟು ಮಾತಾಡುವ ಜಾಗಕ್ಕೆ ಬಂದಾಗ ನಿಂತುಬಿಟ್ಟಿತು. ಅದು ಹುಡುಗನಿಗೆ ಗೊತ್ತಾಗುವುದು ಹೇಗೆ? ಬಾಗಿಲ ಸಂದಿಯಲ್ಲಿ ನಿಲ್ಲಿಸಿ ನೋಡಿದೆ, ಸುಳ್ಳು ಅನ್ನಿಸಿತು. ಆಮೇಲೆ ಪೂರ್ತಿ ಬದಲಾಯಿಸಿ ‘ಸಾವಿತ್ರಮ್ಮ ಎದ್ದರು, ಒಲೆ ಹಚ್ಚಿದರು’ ಅಂತ ಶುರು ಮಾಡಿದೆ. ಯಾರೋ ದೂರದವರ ಸುದ್ದಿ ಓದಿದ ಹಾಗಾಯಿತು. ‘ಸಾವಿತ್ರಿ ಎದ್ದಳು’ ಅಂತ ಬರೆಯೋಣ ಅಂದರೆ ಕೈ ಮುಂದೆ ಹೋಗುವುದಿಲ್ಲ, ನಮ್ಮ ಮನೆಯಲ್ಲಿ ಅಮ್ಮನನ್ನು ಹಾಗೆ ಹೆಸರು ಹಿಡಿದು ಕರೆದವರೇ ಇಲ್ಲ. ನೀವೆಲ್ಲ ಇದನ್ನು ಹೇಗೆ ತೀರ್ಮಾನ ಮಾಡುತ್ತೀರಿ?

ಉತ್ತರ 1:
ನಿಮ್ಮ ಕೈ ನಿಂತದ್ದು ಸರಿಯಾದ ಜಾಗದಲ್ಲೇ. ಕನ್ನಡದಲ್ಲಿ ‘ಎದ್ದಳು’ ಅಂದರೂ ‘ಎದ್ದರು’ ಅಂದರೂ ಹೇಳುವವನು ಅವಳಿಗೆ ಏನಾಗಬೇಕು ಅನ್ನುವುದು ಆಗಲೇ ಗೊತ್ತಾಗಿಬಿಡುತ್ತದೆ. ಕತೆಗಾರ ಎಲ್ಲೋ ಮರೆಯಲ್ಲಿದ್ದೇನೆ ಅಂದುಕೊಂಡರೂ ಕ್ರಿಯಾಪದದ ಕೊನೆಯಲ್ಲಿ ಸಿಕ್ಕಿಬೀಳುತ್ತಾನೆ. ಹಾಗಾಗಿ ಹೆಸರು ಬಿಡಿ. ‘ಅಮ್ಮ ಎದ್ದಳು’ ಅಂತ ಬರೆಯಿರಿ, ‘ನಾನು’ ಅನ್ನುವ ಪದ ಒಂದು ಪುಟ ಬರದಿದ್ದರೂ ಮಗ ಅಲ್ಲೇ ಇರುತ್ತಾನೆ.

ಇನ್ನೊಂದು ದಾರಿ ‘ತಾನು’. ‘ಮಷೀನ್ ಕೊಟ್ಟುಬಿಟ್ಟರೆ ನಾಳೆ ಬೆಳಿಗ್ಗೆ ತಾನು ಎಲ್ಲಿ ಕೂರಬೇಕು?’ ಇಷ್ಟು ಸಾಕು, ‘ಅಂದುಕೊಂಡಳು’ ಅಂತ ಸೇರಿಸುವ ಅಗತ್ಯವೇ ಇಲ್ಲ, ಓದುವವರು ಆಗಲೇ ಅವಳ ಮನಸ್ಸಿನೊಳಗೆ ಇರುತ್ತಾರೆ. ಆದರೆ ಈ ದಾರಿ ಹಿಡಿದರೆ ಹುಡುಗನ ಕಣ್ಣನ್ನು ಬಿಡಬೇಕಾಗುತ್ತದೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ಬೆರೆಸಬೇಡಿ, ನಾನು ಬೆರೆಸಿ ಒಂದು ಒಳ್ಳೆಯ ಕತೆ ಕೆಡಿಸಿಕೊಂಡಿದ್ದೇನೆ.

ಉತ್ತರ 2:
ನನಗೆ ‘ನಾನು’ವೇ ಇಷ್ಟ. ಒಳಕೋಣೆಯ ಮಾತು ಹುಡುಗನಿಗೆ ಕೇಳಿಸದಿದ್ದರೆ ಬೇಡ, ಬಿಡಿ. ಅಮ್ಮ ಹೊರಗೆ ಬಂದಾಗ ಸೆರಗಿನ ಗಂಟು ದಪ್ಪ ಇತ್ತೋ ಇಲ್ಲವೋ ಅವನಿಗೆ ಕಾಣುತ್ತದೆ ಅಲ್ವಾ? ತೀರಾ ಬೇಕು ಅಂದರೆ ‘ಅಂತೆ’ ಇದೆ: ‘ಮುನ್ನೂರು ಕಡಿಮೆ ಮಾಡಿಕೊಂಡಳಂತೆ, ಪಕ್ಕದ ಮನೆಯ ಅಕ್ಕ ಆಮೇಲೆ ಹೇಳಿದರು.’ ಒಂದೆರಡು ಸಲ ಮಾತ್ರ. ಜಾಸ್ತಿಯಾದರೆ ಜಗಲಿ ಕಟ್ಟೆಯ ಮಾತಾಗುತ್ತದೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಅವತ್ತಿನ ಹುಡುಗನೇ ಹೇಳುತ್ತಿದ್ದಾನಾ, ಅಥವಾ 40 ದಾಟಿದ ಮೇಲೆ ನೆನೆಸಿಕೊಂಡು ಹೇಳುತ್ತಿದ್ದಾನಾ? ಇಬ್ಬರೂ ‘ನಾನು’ ಅಂತಲೇ ಅನ್ನುತ್ತಾರೆ, ಆದರೆ ರೇಟು ಯಾಕೆ ಇಳಿಯಿತು ಅಂತ ಗೊತ್ತಿರುವುದು ಎರಡನೆಯವನಿಗೆ ಮಾತ್ರ.

ಉತ್ತರ 3:
ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. ಮಾತುಕತೆ ಮಾತ್ರ ಊರ ಕನ್ನಡದಲ್ಲಿ, ಉಳಿದದ್ದೆಲ್ಲ ಪುಸ್ತಕದ ಕನ್ನಡದಲ್ಲಿ ಅನ್ನುವುದು ರೂಢಿ. ದೇವನೂರ ಮಹಾದೇವ ‘ಕುಸುಮಬಾಲೆ’ ಕಾದಂಬರಿಯಲ್ಲಿ ನಿರೂಪಣೆಯನ್ನೂ ನಂಜನಗೂಡು ಕಡೆಯ ಮಾತಿನಲ್ಲೇ ಬರೆದರು. ಹಾಗೇ ಮಾಡಿ ಅಂತಲ್ಲ. ಆದರೆ ಹುಡುಗ ಹೇಳುವ ಕತೆಯಲ್ಲಿ ‘ದುಃಖ ಉಮ್ಮಳಿಸಿತು’ ಅಂತ ಬಂದರೆ ಅದು ನಿಮ್ಮ ದನಿ, ಅವನದಲ್ಲ. ಸುಮ್ನೆ ಒಂದು ಪುಟ ಜೋರಾಗಿ ಓದಿ, ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಗೆರೆ ಎಳೆಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೊಡ್ಡವನಾದ ಮಗನೇ ಹೇಳಲಿ ಅಂತ ತೀರ್ಮಾನ ಮಾಡಿದೆ. ಒಳಕೋಣೆಯ ಮಾತುಕತೆ ಪೂರ್ತಿ ತೆಗೆದುಹಾಕಿದೆ. ರಾತ್ರಿ ಕೂತು ಬರೆದ ಶುರು ಹೀಗಿದೆ:

‘ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ಅಮ್ಮನಿಗೆ ಆಗಲೇ ಕಣ್ಣು ಮಂಜಾಗಿತ್ತು. ಅವತ್ತು ಬೆಳಿಗ್ಗೆಯೂ ಕರೆದಳು, ಪೋಣಿಸಿದೆ. ಹೊಲಿಯಲು ಬಟ್ಟೆ ಮಾತ್ರ ಇರಲಿಲ್ಲ.’

ಕೊನೆಯ ವಾಕ್ಯ ಹುಡುಗ ಕಂಡದ್ದೋ, ದೊಡ್ಡವನಿಗೆ ಆಮೇಲೆ ಹೊಳೆದದ್ದೋ? ನಿಮಗೆ ಹೇಗೆ ಕೇಳಿಸುತ್ತದೆ ಹೇಳಿ.