ಪೋನಿ ಎಂಜಿನ್ ಕಿತ್ತು ಹಾಕಲೇ? ಹಳೆ ಚೈನ್ ಟ್ರ್ಯಾಕ್ಟರ್ ಬಗ್ಗೆ ಮೇಸ್ತ್ರಿಗೆ ಪ್ರಶ್ನೆಗಳು

ಪ್ರಶ್ನೆ (ಸ್ಟಾಕ್ಟನ್, ಕ್ಯಾಲಿಫೋರ್ನಿಯಾ): ಮೇಸ್ತ್ರಿ ಸರ್, ನಮಸ್ಕಾರ. ನಾನು ಹಾಸನದ ಕಡೆಯವನು. ಹೋದ ವರ್ಷ ಇಲ್ಲಿ ಐದು ಎಕರೆ ವಾಲ್‌ನಟ್ ತೋಟ ಕೊಂಡೆ. ಶೆಡ್ಡಿನಲ್ಲಿ ಹಳೆ ಮಾಲೀಕರು ಬಿಟ್ಟು ಹೋದ ಕ್ಯಾಟರ್‌ಪಿಲರ್ ಕಂಪನಿಯ ಡಿ2 ಇದೆ, ಚಕ್ರದ ಬದಲು ಎರಡು ಬದಿಯ ಕಬ್ಬಿಣದ ಚೈನ್ ಮೇಲೆ ಓಡುವ ಟ್ರ್ಯಾಕ್ಟರ್. ಸೀರಿಯಲ್ ನಂಬರು 5ಯು ಅಂತ ಶುರುವಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಅಂಟಿಕೊಂಡು ಒಂದು ಪುಟ್ಟ ಪೆಟ್ರೋಲ್ ಎಂಜಿನ್ ಕೂತಿದೆ. ಅದು ಪೂರ್ತಿ ಜಾಮ್. ಅದನ್ನು ಕಿತ್ತೆಸೆದು ಸೆಲ್ಫ್ ಮೋಟಾರ್ ಹಾಕಿಸು ಅಂತ ಪಕ್ಕದ ತೋಟದವರು ಹೇಳುತ್ತಿದ್ದಾರೆ. ಹಾಗೆ ಮಾಡಲೇ?

ಉತ್ತರ: ಕೀಳಬೇಡಿ. ಕಾರಣ ಕೇಳಿದ ಮೇಲೂ ಕೀಳಬೇಕು ಅನಿಸಿದರೆ ನಿಮ್ಮಿಷ್ಟ.

ಆ ಪುಟ್ಟ ಎಂಜಿನ್ನಿಗೆ ಪೋನಿ ಅಂತಾರೆ, ತಟ್ಟು ಕುದುರೆ. ಎರಡು ಸಿಲಿಂಡರು ಎದುರು ಬದುರಾಗಿ ಮಲಗಿರುತ್ತವೆ. ದೊಡ್ಡ ಎಂಜಿನ್ ತಿರುಗಿಸುವುದಷ್ಟೇ ಅದರ ಕೆಲಸ ಅಂತ ಎಲ್ಲರೂ ತಿಳಿದಿದ್ದಾರೆ. ನಿಜದಲ್ಲಿ ಅದು ಒಲೆ ಕೂಡ. ಎರಡೂ ಎಂಜಿನ್ನಿಗೆ ಓಡಾಡುವುದು ಒಂದೇ ರೇಡಿಯೇಟರಿನ ನೀರು. ಪೋನಿ ಓಡಿದಷ್ಟೂ ದೊಡ್ಡ ಬ್ಲಾಕ್ ಬೆಚ್ಚಗಾಗುತ್ತದೆ. ಪೋನಿಯ ಸೈಲೆನ್ಸರ್ ಹೊಗೆ ಡೀಸೆಲ್ ಎಂಜಿನ್ ಗಾಳಿ ಎಳೆಯುವ ಮ್ಯಾನಿಫೋಲ್ಡಿನೊಳಗಿಂದ ಹಾದು ಹೋಗುತ್ತದೆ, ಹಾಗಾಗಿ ಒಳಕ್ಕೆ ಹೋಗುವ ಗಾಳಿಯೂ ಬಿಸಿ. ಇದರ ಜೊತೆಗೆ ಡೀಸೆಲ್ ಉರಿಯುವ ಮೊದಲೇ ಎರಡು ಮೂರು ನಿಮಿಷ ತಿರುಗಿಸುವುದರಿಂದ ಆಯಿಲ್ ಪ್ರೆಷರ್ ಕೂಡ ಏರಿರುತ್ತದೆ.

ಡಿ2 ಎಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಮೊದಲು ಒಂದು ಚಿಕ್ಕ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ. ಇಂಥ ಎಂಜಿನ್ ತಣ್ಣಗಿದ್ದಾಗ ಭಾರೀ ಸೋಮಾರಿ. ಆ ಕೋಣೆಯನ್ನು ಕರೆಂಟಿನಲ್ಲಿ ಬಿಸಿ ಮಾಡುವ ಗ್ಲೋ ಪ್ಲಗ್ಗೂ ಅದರಲ್ಲಿ ಇಲ್ಲ. ಸೆಲ್ಫ್ ಹಾಕಿಸಿದವರು ಚಳಿಗಾಲದ ಬೆಳಿಗ್ಗೆ ಬ್ಯಾಟರಿ ಇಳಿಸಿಕೊಂಡು, ಕೊನೆಗೆ ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆದು, ಪಿಸ್ಟನ್ ರಿಂಗ್ ಮುರಿದುಕೊಂಡಿದ್ದನ್ನು ನೋಡಿದ್ದೇನೆ.

ಪೋನಿ ಜಾಮ್ ಆಗಲು ಮಾಮೂಲಿ ಕಾರಣ ಮಳೆ ನೀರು. ಅದರ ಸೈಲೆನ್ಸರ್ ಕೊಳವೆ ಆಕಾಶಕ್ಕೆ ಬಾಯಿ ತೆರೆದಿರುತ್ತದೆ, ಮುಚ್ಚುವವರು ಯಾರೂ ಇರುವುದಿಲ್ಲ. ಪ್ಲಗ್ ಬಿಚ್ಚಿ. ಅರ್ಧ ಡೀಸೆಲ್, ಅರ್ಧ ಗೇರ್‌ಬಾಕ್ಸಿನ ಎಟಿಎಫ್ ಆಯಿಲ್ ಬೆರೆಸಿ ಸುರಿದು ವಾರ ಬಿಡಿ. ಆಮೇಲೆ ಫ್ಲೈವೀಲನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಸರಳು ಹಾಕಿ ಜಗ್ಗಬೇಡಿ. ಪಿಸ್ಟನ್ ಬಿಟ್ಟರೂ ವಾಲ್ವ್ ಹಿಡಿದಿರಬಹುದು, ಅದನ್ನೂ ನೋಡಿ. ಪೋನಿಯ ಆಯಿಲ್ ಕಡ್ಡಿ ಮೂಸಿ ನೋಡುವುದು ಮರೀಬೇಡಿ. ಪೆಟ್ರೋಲ್ ವಾಸನೆ ಇದ್ದರೆ, ಯಾರೋ ನಲ್ಲಿ ಮುಚ್ಚದೆ ಬಿಟ್ಟು ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಇಳಿದಿದೆ ಅಂತ ಅರ್ಥ. ಆ ಆಯಿಲ್‌ನಲ್ಲಿ ಸ್ಟಾರ್ಟ್ ಮಾಡಿದರೆ ಬೇರಿಂಗ್ ಹೋಯ್ತು.

ಅಂದ ಹಾಗೆ, ನೀವಿರುವುದು ಚೈನ್ ಟ್ರ್ಯಾಕ್ಟರಿನ ತವರಿನಲ್ಲಿ. ಸ್ಟಾಕ್ಟನ್ ಹತ್ತಿರದ ಮೆತ್ತನೆ ಕಪ್ಪು ಮಣ್ಣಿನಲ್ಲಿ ಸ್ಟೀಮ್ ಟ್ರ್ಯಾಕ್ಟರಿನ ಚಕ್ರ ಹೂತು ಹೋಗುತ್ತಿತ್ತು. 1904ರ ನವೆಂಬರ್ 24ರಂದು ಬೆಂಜಮಿನ್ ಹೋಲ್ಟ್ ಹಿಂದಿನ ಚಕ್ರ ತೆಗೆದು ಮರದ ಹಲಗೆಯ ಚೈನ್ ಹಾಕಿ ಓಡಿಸಿದರು. ಅವರ ಕಂಪನಿ, ಬೆಸ್ಟ್ ಕಂಪನಿ ಸೇರಿ 1925ರಲ್ಲಿ ಕ್ಯಾಟರ್‌ಪಿಲರ್ ಆಯಿತು. ನಿಮ್ಮೂರಿನ ಹ್ಯಾಗಿನ್ ಮ್ಯೂಸಿಯಮ್ಮಿನಲ್ಲಿ ಹೋಲ್ಟ್ ಕಾಲದ ಯಂತ್ರಗಳಿವೆ, ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ (ಅದೇ ಸದಸ್ಯರು): ಥ್ಯಾಂಕ್ಸ್ ಸರ್. ಪೋನಿ ಬಿಟ್ಟುಕೊಂಡರೆ ಸೀದಾ ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡಬಹುದಾ?

ಉತ್ತರ: ಅವಸರ ಬೇಡ. ಅದಕ್ಕೂ ಮೊದಲು ಡೀಸೆಲ್ ಪಂಪಿನ ರ‍್ಯಾಕ್, ಅಂದರೆ ಎಷ್ಟು ಡೀಸೆಲ್ ಹೋಗಬೇಕು ಅಂತ ನಿರ್ಧರಿಸುವ ಸರಳು, ಕೈಯಲ್ಲಿ ಸಲೀಸಾಗಿ ಹಿಂದೆ ಮುಂದೆ ಆಡುತ್ತದಾ ನೋಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಹಳೆ ಡೀಸೆಲ್ ಅಂಟಾಗಿ ರ‍್ಯಾಕ್ ಹಿಡಿದಿರುತ್ತದೆ. ಅದು ಫುಲ್ ಜಾಗದಲ್ಲಿ ಹಿಡಿದಿದ್ದರೆ ಎಂಜಿನ್ ಹೊತ್ತಿದ ಕೂಡಲೇ ರೇಸ್ ಏರುತ್ತಾ ಹೋಗುತ್ತದೆ. ಡೀಸೆಲ್ ಎಂಜಿನ್ನಿಗೆ ಆಫ್ ಮಾಡಲು ಕೀ ಇಲ್ಲ, ಅಲ್ವಾ? ಹಾಗಾಗಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರ್ ಕೊಳವೆಯ ಬಾಯಿ ಮುಚ್ಚುವಷ್ಟು ದೊಡ್ಡ ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ. ಅಂಗೈ ಇಡಬೇಡಿ. ಬಟ್ಟೆಯೂ ಬೇಡ, ಒಳಕ್ಕೆ ಎಳೆದುಕೊಳ್ಳುತ್ತದೆ.

ಸ್ಟಾರ್ಟ್ ಮಾಡುವುದು ಹೀಗೆ. ಕಂಪ್ರೆಷನ್ ಲಿವರ್ ಬಿಡುಗಡೆ ಜಾಗದಲ್ಲಿರಲಿ (ಆಗ ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಳ್ಳದೆ ಎಂಜಿನ್ ಹಗುರವಾಗಿ ತಿರುಗುತ್ತದೆ), ಡೀಸೆಲ್ ಬಂದ್ ಇರಲಿ. ಪೋನಿ ಸ್ಟಾರ್ಟ್ ಮಾಡಿ ಬೆಚ್ಚಗಾಗಲು ಬಿಡಿ. ಅದರ ಕ್ಲಚ್ ಬಿಡಿಸಿ ಪಿನಿಯನ್ ಹಲ್ಲು ಕೂಡಿಸಿ, ಆಮೇಲೆ ಕ್ಲಚ್ ಹಾಕಿ. ದೊಡ್ಡ ಎಂಜಿನ್ ತಿರುಗಲಿ, ಆಯಿಲ್ ಗೇಜಿನ ಮುಳ್ಳು ಏಳಲಿ. ಆಗ ಕಂಪ್ರೆಷನ್ ಕೊಡಿ, ಪೋನಿ ನರಳುತ್ತದೆ, ಹೆದರಬೇಡಿ. ಇನ್ನೊಂದೆರಡು ನಿಮಿಷ ಬಿಟ್ಟು ಡೀಸೆಲ್ ಕೊಡಿ. ಎಂಜಿನ್ ಹಿಡಿದುಕೊಂಡ ಮೇಲೆ ಪೋನಿಯ ಪೆಟ್ರೋಲ್ ನಲ್ಲಿ ಮುಚ್ಚಿ, ಕಾರ್ಬ್ಯುರೇಟರ್ ಒಣಗಿ ತಾನಾಗಿಯೇ ನಿಲ್ಲುವಂತೆ ಮಾಡಿ.

ಪ್ರಶ್ನೆ (ಕೆಜಿಎಫ್): ಅಣ್ಣಾ, ನಮ್ಮೂರಿನ ಬಿಇಎಂಎಲ್‌ನಲ್ಲಿ ಮಾಡಿದ ಡಿ80 ಡೋಜರ್ ಓಡಿಸಿದ್ದೇನೆ. ಅದಕ್ಕೆ ಪೋನಿ ಗೀನಿ ಏನೂ ಇರಲಿಲ್ಲ. ಇದಕ್ಕೆ ಮಾತ್ರ ಯಾಕೆ?

ಉತ್ತರ: ಅದು ಕೊಮಾಟ್ಸು ವಿನ್ಯಾಸದ್ದು ತಮ್ಮಾ, ಕಾಲವೇ ಬೇರೆ. ಅಷ್ಟು ಹೊತ್ತಿಗೆ 24 ವೋಲ್ಟಿನ ಬ್ಯಾಟರಿ, ಗಟ್ಟಿ ಸೆಲ್ಫ್ ಮೋಟಾರ್ ಎಲ್ಲ ಬಂದಿದ್ದವು. 1931ರಲ್ಲಿ ಕ್ಯಾಟರ್‌ಪಿಲರ್ ತನ್ನ ಮೊದಲ ಡೀಸೆಲ್ ಟ್ರ್ಯಾಕ್ಟರ್ ಮಾರಿದಾಗ ಅಷ್ಟು ದೊಡ್ಡ ಎಂಜಿನ್ ತಿರುಗಿಸುವ ಬ್ಯಾಟರಿ ಕಾಡಿನಲ್ಲಿ, ಹೊಲದಲ್ಲಿ ಎಲ್ಲಿ ಸಿಗಬೇಕು? ಪೆಟ್ರೋಲ್ ಎಂಜಿನ್ ಆದರೆ ಹಗ್ಗ ಸುತ್ತಿ ಎಳೆದರೂ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ (ಫ್ರೆಸ್ನೋ): ಸರ್, ನನ್ನ ಬಳಿ ಇರುವುದು ಕ್ಯಾಟರ್‌ಪಿಲರ್ ಟ್ವೆಂಟಿ ಟೂ, ಪೆಟ್ರೋಲ್ ಗಾಡಿ. ಹಿಂದಿನವರು ಚಳಿಗಾಲದಲ್ಲಿ ನೀರು ಇಳಿಸದೆ ಬಿಟ್ಟು, ಅದು ಹೆಪ್ಪುಗಟ್ಟಿ ಬ್ಲಾಕ್ ಸೀಳಿದೆ. ಡೀಸೆಲ್ ಎಂಜಿನ್ ಕೂರಿಸೋಣ ಅಂತಿದ್ದೇನೆ. ಪೇಂಟ್ ಮಾತ್ರ ಹಳೆ ಕಾಲದ ಬೂದು ಬಣ್ಣ ಹೊಡೆಸುತ್ತೇನೆ.

ಉತ್ತರ: ಮೊದಲು ಬ್ಲಾಕ್ ತೋರಿಸಿ. ನೀರು ಓಡಾಡುವ ಹೊರಗೋಡೆ ಮಾತ್ರ ಸೀಳಿದ್ದರೆ ಬೆಂಕಿ ಇಲ್ಲದೆ, ಸಾಲಾಗಿ ಪಿನ್ ಹೊಡೆದು ಹೊಲಿಯುವವರು ಇದ್ದಾರೆ. ಬೀಡು ಕಬ್ಬಿಣಕ್ಕೆ ಸುಮ್ನೆ ವೆಲ್ಡಿಂಗ್ ಮಾಡಿಸಿದರೆ ಪಕ್ಕದಲ್ಲಿ ಇನ್ನೊಂದು ಸೀಳು ಬಿಡುತ್ತದೆ. ಪಿಸ್ಟನ್ ಓಡಾಡುವ ಬೋರಿನ ತನಕ ಸೀಳು ಹೋಗಿದ್ದರೆ ಮಾತ್ರ ಮುಂದೆ ಓದಿ.

ಪೆಟ್ರೋಲ್ ತೆಗೆದು ಡೀಸೆಲ್ ಹಾಕುವುದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಫೋರ್ಡ್ಸನ್ ಮೇಜರ್‌ಗೆ 1948ರಿಂದ ಕಂಪನಿಯೇ ಪರ್ಕಿನ್ಸ್ ಪಿ6 ಡೀಸೆಲ್ ಹಾಕಿ ಕೊಡುತ್ತಿತ್ತು. ಕಷ್ಟ ಇರುವುದು ಆರ್‌ಪಿಎಂನಲ್ಲಿ. ನಿಮ್ಮ ಗಾಡಿಯ ಎಂಜಿನ್ 1250 ಆರ್‌ಪಿಎಂನಲ್ಲಿ ಸುಮಾರು 30 ಎಚ್‌ಪಿ ಕೊಡುತ್ತಿತ್ತು. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 170 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಈಗಿನ ಪುಟ್ಟ ಡೀಸೆಲ್ ಎಂಜಿನ್ 30 ಎಚ್‌ಪಿ ಅಂತ ಬರೆದುಕೊಂಡಿದ್ದರೂ ಅದು 2800ರಲ್ಲಿ. ಹಾಗೇ ಜೋಡಿಸಿದರೆ ಚೈನ್ ಎರಡರಷ್ಟು ವೇಗದಲ್ಲಿ ಓಡುತ್ತದೆ, ರೋಲರ್, ಪಿನ್ನು, ಬುಷ್ಷು ಎಲ್ಲ ಬೇಗ ತಿಂದು ಹೋಗುತ್ತವೆ. ರೇಸ್ ತಗ್ಗಿಸಿ ಓಡಿಸಿದರೆ ಎಳೆಯುವ ಶಕ್ತಿ ಇರುವುದಿಲ್ಲ. ಎಚ್‌ಪಿ ನೋಡಿ ಎಂಜಿನ್ ಕೊಂಡವರೆಲ್ಲ ಇಲ್ಲೇ ಕಾಲು ಜಾರುವುದು.

ಹಳೆ ಕೃಷಿ ಟ್ರ್ಯಾಕ್ಟರಿನ ಎಂಜಿನ್ ಹುಡುಕಿ. ಮಾಸಿ ಫರ್ಗುಸನ್ 65ರಲ್ಲಿ ಬರುತ್ತಿದ್ದ ಪರ್ಕಿನ್ಸ್ ನಾಲ್ಕು ಸಿಲಿಂಡರಿನ 203 ಆದರೆ ಕಡಿಮೆ ರೇಸಿನಲ್ಲೂ ಚೆನ್ನಾಗಿ ಎಳೆಯುತ್ತದೆ. ರೇಸ್ ಮಿತಿ ಮೀರದಂತೆ ತಡೆಯುವ ಗವರ್ನರ್ ತಗ್ಗಿಸಿ ಸೀಲ್ ಮಾಡಿಸಿ. ಹಳೆ ಕ್ಲಚ್ಚಿಗೆ ಹೊಂದುವ ಹಾಗೆ ಲೇತಿನಲ್ಲಿ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಫ್ಲೈವೀಲಿನ ನಡು, ಕ್ಲಚ್ ಶಾಫ್ಟಿನ ನಡು ಎರಡೂ ಒಂದೇ ಗೆರೆಯಲ್ಲಿವೆಯಾ ಅಂತ ಡಯಲ್ ಗೇಜ್ ಇಟ್ಟು ನೋಡಿ. ಕಣ್ಣಳತೆ ನಂಬಬೇಡಿ. ನಾನು ಹುಡುಗನಾಗಿದ್ದಾಗ ಕಣ್ಣಳತೆಯಲ್ಲಿ ಕೂರಿಸಿ, ಎರಡೇ ತಿಂಗಳಲ್ಲಿ ಬೇರಿಂಗ್ ಪುಡಿ ಮಾಡಿಕೊಂಡು ಬೈಸಿಕೊಂಡಿದ್ದೇನೆ.

ಒಂದೇ ಒಂದು ಷರತ್ತು. ಗಾಡಿಯ ಮೂಲ ಫ್ರೇಮಿಗೆ ಗ್ಯಾಸ್ ಕಟರ್ ತಾಗಿಸಬೇಡಿ. ಎಂಜಿನ್ ಕಾಲುಗಳನ್ನು ಬೇರೆ ಕಬ್ಬಿಣದಲ್ಲಿ ಮಾಡಿ, ಇರುವ ತೂತುಗಳಿಗೇ ಬೋಲ್ಟ್ ಮಾಡಿ. ಸೀಳಿದ ಬ್ಲಾಕನ್ನೂ ಗುಜರಿಗೆ ಹಾಕಬೇಡಿ, ಗ್ರೀಸ್ ಬಳಿದು ಮೂಲೆಯಲ್ಲಿಡಿ.

ಬೂದು ಬಣ್ಣದ ಮಾತಿಗೆ ನಗು ಬಂತು. ಕ್ಯಾಟರ್‌ಪಿಲರ್ ಬೂದು ಬಿಟ್ಟು ಹಳದಿಗೆ ಬಂದಿದ್ದು 1931ರ ಡಿಸೆಂಬರ್ 7ಕ್ಕೆ. ಟ್ವೆಂಟಿ ಟೂ ಶುರುವಾಗಿದ್ದೇ 1934ರಲ್ಲಿ. ನಿಮ್ಮ ಗಾಡಿ ಹುಟ್ಟಾ ಹಳದಿ.

ಪ್ರಶ್ನೆ (ಸ್ಟಾಕ್ಟನ್, ಆರು ವಾರದ ನಂತರ): ಸರ್, ಪೋನಿ ಹೊತ್ತಿತು! ಎರಡನೇ ಪ್ರಯತ್ನಕ್ಕೆ ಡೀಸೆಲ್ಲೂ ಹೊತ್ತಿತು. ಹಲಗೆ ಬೇಕಾಗಲಿಲ್ಲ, ಆದರೂ ಮನೆಯವಳು ಹಿಡಿದು ನಿಂತಿದ್ದಳು. ಈಗ ಗಾಡಿ ನೇರವಾಗಿ ಹೋಗುತ್ತದೆ, ಎಡಕ್ಕೆ ತಿರುಗುತ್ತದೆ. ಬಲಕ್ಕೆ ಮಾತ್ರ ಜಪ್ಪಯ್ಯ ಅಂದರೂ ತಿರುಗುವುದಿಲ್ಲ.

ಉತ್ತರ: ಶಹಬ್ಬಾಸ್! ಚೈನ್ ಗಾಡಿ ತಿರುಗುವುದು ಆ ಕಡೆಯ ಚೈನಿಗೆ ಶಕ್ತಿ ಹೋಗದಂತೆ ಸ್ಟಿಯರಿಂಗ್ ಕ್ಲಚ್ ಬಿಡಿಸಿದಾಗ. ನಿಮ್ಮದರ ಬಲಗಡೆಯ ಕ್ಲಚ್ ತುಕ್ಕು ಹಿಡಿದು ಅಂಟಿಕೊಂಡಿದೆ. ಲಿವರ್ ಎಳೆದರೂ ಪ್ಲೇಟುಗಳು ಬಿಡುತ್ತಿಲ್ಲ, ಆ ಕಡೆಯ ಚೈನ್ ಓಡುತ್ತಲೇ ಇದೆ. ಡಿ2ರಲ್ಲಿ ಅವು ಒಣ ಕ್ಲಚ್. ಸೀಟಿನ ಕೆಳಗಿನ ಗೂಡಿಗೆ ನೀರು ಇಳಿದರೆ ಇದೇ ಕತೆ. ಗೂಡಿನ ತಳದಲ್ಲಿ ಡ್ರೈನ್ ಪ್ಲಗ್ ಇದೆ, ಬಿಚ್ಚಿ ಏನು ಬರುತ್ತದೆ ನೋಡಿ. ನೀರು ಬಂದರೆ ಪೂರ್ತಿ ಇಳಿಸಿ, ಒಣಗಿಸಿ. ಆಮೇಲೆ ಬಯಲಿನಲ್ಲಿ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಕೆಳ ಗೇರಿನಲ್ಲಿ ಬಲ ಲಿವರ್ ಪೂರ್ತಿ ಎಳೆದು ಬಲ ಬ್ರೇಕ್ ತುಳಿದು ಬಿಡಿ, ತುಳಿದು ಬಿಡಿ. ಕೆಲವು ಸಲ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ಗಿಡಗಳ ಸಾಲಿನಲ್ಲಿ ಈ ಸರ್ಕಸ್ ಬೇಡ. ಹತ್ತು ಸಲಕ್ಕೂ ಬಿಡದಿದ್ದರೆ ನಿಲ್ಲಿಸಿ, ಮೇಲಿನ ಮುಚ್ಚಳ ತೆಗೆದು ಫೋಟೋ ಹಾಕಿ.