ಸಂತಿಯಾಗ ತಂದ 6 ಕೋಳಿ: ಹುಂಜ ಯಾವುದು, ಹ್ಯಾಟಿ ಯಾವುದು?

ಕೇಳಿದವರು (ಶಹಾಪುರ):
ಹೋದ ವಾರ ಸಂತಿಯಾಗ 6 ಕೋಳಿ ತಗೊಂಡೆ. ಮಾರಿದವ "ಎಲ್ಲಾ ಗಿರಿರಾಜ ತಳಿ, ಎಲ್ಲಾ ಹ್ಯಾಟಿ, ನಾಕು ತಿಂಗಳಾಗ್ಯಾವ" ಅಂದ. ಮನಿಗೆ ತಂದು ನೋಡಿದ್ರ ಒಂದಕ್ಕೊಂದು ಹೋಲಿಕಿನೇ ಇಲ್ಲ. ಮೂರು ಕಂದು-ಕಪ್ಪು ಬೆರಕಿ, ಒಂದು ಪೂರಾ ಕರಿ, ಒಂದಕ್ಕ ಕುತ್ತಿಗಿ ಮ್ಯಾಲ ಪುಕ್ಕ ಇಲ್ಲ. ಇನ್ನೊಂದು ಉದ್ದ ಕಾಲಿಂದು, ಎದಿ ಎತ್ತಿ ನಿಲ್ತದ, ಎಲ್ಲಾದರ ಮ್ಯಾಲೂ ಹಾರಿ ಜಗಳಾಡ್ತದ. ಅದು ಹುಂಜಾನ ಅಂತ ಕೊಯ್ಯೋ ಮಾತು ನಡದದ. ನನಗ ತತ್ತಿ ಬೇಕ್ರಿ. ಬೋಳ ಕುತ್ತಿಗಿದಕ್ಕ ರೋಗ ಏನರ ಅದ ಏನು?

ಉತ್ತರ (ಭಾಲ್ಕಿ):
ಕೊಯ್ಯಬ್ಯಾಡ್ರಿ, ಒಂದು ದಿನ ತಡೀರಿ. ತುರಾಯಿ ಹ್ಯಾಂಗದ? ಗರಗಸದಂಗ ಎದ್ದದೋ, ತಲಿಗೆ ಅಂಟಿ ಗಂಟು ಗಂಟಾಗಿ ಅದೋ? ಬಾಲದ ಬುಡದಾಗ ಬೆನ್ನಿನ ಪುಕ್ಕ ಚೂಪೋ, ದುಂಡೋ? ಹಗಲಿನಾಗ ಕೈಗೆ ಸಿಗಂಗಿಲ್ಲ, ಕತ್ತಲಾದ ಮ್ಯಾಲ ಕೂತಲ್ಲೇ ಬ್ಯಾಟರಿ ಹಿಡಿದು ನೋಡ್ರಿ. ಕರಿ ಕೋಳಿದು ಬಾಯೂ ತಗದು ನೋಡ್ರಿ.

ಕೇಳಿದವರು:
ರಾತ್ರಿ ನೋಡಿದೆ. ಉದ್ದ ಕಾಲಿಂದಕ್ಕ ಸಣ್ಣ ತುರಾಯಿ, ಮೂರು ಸಾಲು ಗಂಟು. ಬೆನ್ನಿನ ಪುಕ್ಕ ದುಂಡಗ. ಆದ್ರ ಕಂದು ಕೋಳಿ ಒಂದಕ್ಕ ಬಾಲದ ಬುಡದಾಗ ಉದ್ದ, ಚೂಪು, ಮಿಂಚೋ ಪುಕ್ಕ ಇಳಿಬಿದ್ದಾವ. ಕರಿದು ಬಾಯಿ ಒಳಗ ಗುಲಾಬಿ.

ಉತ್ತರ (ಭಾಲ್ಕಿ):
ಹಂಗಾದ್ರ ನಿಮ್ಮ ಹುಂಜ ಆ ಕಂದು ಕೋಳಿ. ಉದ್ದ ಕಾಲಿಂದು ಹ್ಯಾಟಿನೇ, ಅಸೀಲ್ (ಕಾಳಗದ ಕೋಳಿ ತಳಿ) ರಕ್ತ ಕಾಣ್ತದ. ಅಸೀಲ್ ಹ್ಯಾಟಿ ನಿಲ್ಲೂದು, ಜಗಳಾಡೂದು ಎಲ್ಲಾ ಹುಂಜದಂಗ. ಆ ಜಾತಿಯಾಗ ಹುಂಜಕ್ಕೂ ತುರಾಯಿ ಸಣ್ಣದೇ, ಅದಕ್ಕ ಬರೇ ತುರಾಯಿ ನೋಡಿ ಗಂಡು-ಹೆಣ್ಣು ಹೇಳೂದು ಮೋಸ. ಪುಕ್ಕ ಸುಳ್ಳು ಹೇಳಂಗಿಲ್ಲ: ಮೂರು ತಿಂಗಳ ದಾಟಿದ ಮ್ಯಾಲ ಕುತ್ತಿಗಿ, ಬೆನ್ನಿನಾಗ ಹುಂಜಕ್ಕ ಚೂಪು ಬರ್ತಾವ, ಹ್ಯಾಟಿಗೆ ದುಂಡಗೇ ಉಳೀತಾವ. ಅದಕ್ಕಿಂತ ಸಣ್ಣ ಮರಿಯಾಗಿದ್ರ ನಾನೂ ಇಷ್ಟು ಗಟ್ಟಿಯಾಗಿ ಹೇಳ್ತಿದ್ದಿಲ್ಲ. ಅಸೀಲ್ ತತ್ತಿ ಕಮ್ಮಿ ಇಡ್ತದ ಖರೆ, ಆದ್ರ ಕಾವಿಗೆ ಕೂಡೂದ್ರಾಗ ಅದರಂಥಾದ್ದು ಇನ್ನೊಂದಿಲ್ಲ. ಮುಂದ ಮರಿ ಮಾಡ್ಸೋ ವಿಚಾರ ಇದ್ರ ಅದನ್ನ ಇಟ್ಕೊಳ್ರಿ.

ಕರಿದು ಕಡಕ್‌ನಾಥ್ ಅಲ್ಲ. ಆ ತಳಿಗೆ ನಾಲಿಗಿ, ಚರ್ಮ, ಮಾಂಸಾನೂ ಕರ್ರಗ ಇರಬೇಕು.

ಉತ್ತರ (ಚಿತ್ತಾಪುರ):
ಬೋಳ ಕುತ್ತಿಗಿದು ರೋಗ ಅಲ್ಲ, ಹುಟ್ಟು ಗುಣ. ಚರ್ಮ ನುಣ್ಣಗ ಇದ್ರ ಚಿಂತಿ ಬ್ಯಾಡ. ಮುರದ ಪುಕ್ಕದ ಕಡ್ಡಿ, ಗಾಯ ಕಂಡ್ರ ಉಳಿದವು ಕುಕ್ಕಾಕತ್ತಾವ ಅಂತ ತಿಳೀರಿ. ಕುತ್ತಿಗಿ ಮುಂದ ಒಂದು ಪುಕ್ಕದ ಗೊಂಚಲು ಅದ ಏನು? ಇದ್ರ ತಾಯಿ-ತಂದಿಯೊಳಗ ಒಬ್ಬರಿಂದ ಮಾತ್ರ ಆ ಗುಣ ಬಂದದ. ಯಾದಗಿರಿ ಬ್ಯಾಸಿಗ್ಯಾಗ ಪುಕ್ಕ ಕಮ್ಮಿ ಇರೂದು ಅದಕ್ಕ ಛಲೋನೇ.

ಉಳಿದ ಕಂದು ಹ್ಯಾಟಿ ಎರಡು ಗಿರಿರಾಜ ಏನು? ಗಿರಿರಾಜ ಬೆಂಗಳೂರಿನ ಹೆಬ್ಬಾಳದಾಗ ಬೆಳೆಸಿದ ತಳಿ, ವನರಾಜ ಅನ್ನೋ ಇನ್ನೊಂದು ತಳಿ ಹೈದರಾಬಾದಿಂದು. ಎರಡಕ್ಕೂ ಬಣ್ಣ ಹತ್ತಾರು. ಮರಿ ಎಲ್ಲಿಂದ ಬಂದದ ಅನ್ನೋ ರಸೀದಿ ಇಲ್ದ ಬರೇ ಬಣ್ಣ ನೋಡಿ ಯಾರೂ ಹೇಳಕ್ಕಾಗಂಗಿಲ್ಲ. ಹಳೀ ಕೋಳಿ ಇದ್ರ ಇವನ್ನ ಮೂರು ವಾರ ಬ್ಯಾರೆ ಇಡ್ರಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕಿ ಆಗ್ಯದೋ ಇಲ್ಲೋ ಗೊತ್ತಿಲ್ಲಂದ್ರ ಪಶು ಆಸ್ಪತ್ರಿಗೆ ಹೋಗಿ ಕೇಳ್ರಿ.

ಕೇಳಿದವರು:
ಗೊಂಚಲು ಅದ ರೀ, ನಿಂಬಿಕಾಯಿಯಷ್ಟು. ಇವತ್ತು ನಸುಕಿನಾಗ ಆ ಕಂದು ಕೋಳಿ ಕೂಗ್ತು, ಅರ್ಧಕ್ಕ ಗಂಟಲ ಒಡೀತು. ಮನಿ ಮಂದಿ ಎಲ್ಲಾ ಎದ್ದು ಬಂದು ನೋಡಿದ್ರು. ಉದ್ದ ಕಾಲಿಂದು ಉಳೀತು.