ಬ್ಲ್ಯಾಕ್‌ಔಟ್ ಆದೇಶ: ತಾನಾಗಿ ಹೊತ್ತಿಕೊಳ್ಳುವ ದೀಪಗಳಿಗೆ ಏನು ಮಾಡೋಣ?

ಕಾರ್ಯದರ್ಶಿ: ವಿಮಾನ ದಾಳಿಯ ಸೈರನ್ ಕೂಗಿದ ಕೂಡಲೇ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಗೆ ಒಂದು ಚುಕ್ಕೆ ಬೆಳಕೂ ಕಾಣಬಾರದು ಅಂತ ಆದೇಶ. ಮೀಟರ್ ರೂಮಿನ ಮೇನ್ ಸ್ವಿಚ್ ಇಳಿಸಿಬಿಟ್ಟರೆ ಸಾಲದೇ ಅಂತ ಹಲವರು ಕೇಳಿದ್ದೀರಿ.

ಎ-204: ಮೇನ್ ಮುಟ್ಟಲೇಬೇಡಿ ಸರ್. ಕರೆಂಟ್ ಹೋಯಿತೆಂದುಕೊಂಡು ಆಟೋಮ್ಯಾಟಿಕ್ ಮೋಡ್‌ನಲ್ಲಿರುವ ಜನರೇಟರ್ ತಾನೇ ಸ್ಟಾರ್ಟ್ ಆಗುತ್ತೆ. ಮೆಟ್ಟಿಲಿನ ಎಮರ್ಜೆನ್ಸಿ ದೀಪ, ಮನೆಮನೆಯ ಇನ್ವರ್ಟರ್ ಎಲ್ಲ ಎಚ್ಚರವಾಗುತ್ತವೆ. ಆರಿಸಲು ಹೋಗಿ ಹೊತ್ತಿಸಿದ ಹಾಗೆ! ಮೊದಲು ಲಿಫ್ಟ್ ನೆಲಮಹಡಿಗೆ ಇಳಿಸಿ, ಒಳಗೆ ಯಾರೂ ಇಲ್ಲವೆಂದು ನೋಡಿ ಬಂದ್ ಮಾಡಿ. ಆಮೇಲೆ ಕಾಮನ್ ಲೈಟಿಂಗ್ ಎಂಸಿಬಿಗಳನ್ನು (ಎಲ್ಲರಿಗೂ ಸೇರಿದ ದೀಪಗಳ ಪುಟ್ಟ ಬ್ರೇಕರ್ ಸ್ವಿಚ್‌ಗಳನ್ನು) ಮಾತ್ರ ಇಳಿಸಿ. ಫೈರ್ ಪಂಪ್ ಆಟೋದಲ್ಲೇ ಇರಲಿ. ಆಕ್ಸಿಜನ್ ಯಂತ್ರ ನಡೆಯುತ್ತಿರುವ ಮನೆಗಳಿಗೂ ಕರೆಂಟ್ ಬೇಕೇ ಬೇಕು.

ಸಿ-101: ಪಾರ್ಕಿನ ಸೋಲಾರ್ ದೀಪಗಳ ಪ್ಯಾನೆಲ್‌ಗೆ ಗೋಣಿ ಹೊದಿಸಬೇಡಿ. ಪ್ಯಾನೆಲ್‌ನಿಂದ ವೋಲ್ಟೇಜ್ ಬರದಿದ್ದರೆ ಕತ್ತಲಾಯಿತೆಂದು ದೀಪ ಹೊತ್ತಿಕೊಳ್ಳೋದು. ಸ್ವಿಚ್ ಇದ್ದರೆ ಆಫ್, ಇಲ್ಲದಿದ್ದರೆ ದೀಪಕ್ಕೇ ದಪ್ಪ ಕಪ್ಪು ಬಟ್ಟೆ ಸುತ್ತಿ. ಗೇಟ್ ದೀಪದ ಸೆನ್ಸರ್‌ಗೆ ಟೇಪ್ ಅಂಟಿಸಿದರೂ ಇದೇ ಕಥೆ.

ಬಿ-302: ಕಿಟಕಿ ಗಾಜಿಗೆ ಕಪ್ಪು ಪೇಂಟ್ ಬಳಿದರೆ ಒಂದೇ ಸಲಕ್ಕೆ ಮುಗಿಯುತ್ತಲ್ಲ?

ಸಿ-101: ಹಗಲಲ್ಲೂ ಕತ್ತಲೆ ಮೇಡಂ. ಎರಡನೇ ಮಹಾಯುದ್ಧದ ಬ್ರಿಟನ್ನಿನಲ್ಲಿ ಕಾರ್ಖಾನೆಗಳ ಗಾಜಿನ ಛಾವಣಿಗೆ ಹೀಗೆ ಬಳಿದು, ಹಗಲಿಡೀ ದೀಪದಡಿ ದುಡಿಯಬೇಕಾಯಿತು. ಕಪ್ಪು ಕಾಗದ ಎರಡು ಪದರ ಸಾಕು. ಚೌಕಟ್ಟಿನಿಂದ ನಾಲ್ಕೂ ಕಡೆ ನಾಲ್ಕು ಇಂಚು ಹೆಚ್ಚಿರಲಿ, ಬೆಳಕು ಸೋರುವುದು ಅಂಚಿನಲ್ಲೇ. ನ್ಯೂಸ್‌ಪೇಪರ್ ಬೇಡ, ಮಿನುಗು ಕಾಣುತ್ತೆ. ಹಾಗೆ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಒಲೆ ಹಚ್ಚಬೇಡಿ.

ಎ-204: ಕತ್ತಲಲ್ಲಿ ಬಾಂಬಿಗಿಂತ ಮೊದಲು ಮೆಟ್ಟಿಲು ಕೈಕೊಡುತ್ತೆ. ಬ್ರಿಟನ್ನಿನಲ್ಲಿ 1939ರಲ್ಲಿ ಬ್ಲ್ಯಾಕ್‌ಔಟ್ ಶುರುವಾದ ಮೇಲೆ ರಸ್ತೆ ಅಪಘಾತ ಏರಿ, ಫುಟ್‌ಪಾತ್ ಅಂಚಿಗೆ, ಮರದ ಬುಡಕ್ಕೆ ಬಿಳಿ ಬಣ್ಣ ಬಳಿದರು. ನಾವೂ ಪ್ರತಿ ಮೆಟ್ಟಿಲಿನ ಅಂಚಿಗೆ ಎರಡಿಂಚು ಬಿಳಿ ಪಟ್ಟಿ ಬಳಿಯೋಣ. ಟಾರ್ಚ್ ಗಾಜಿಗೆ ಎರಡು ಪದರ ತೆಳು ಕಾಗದ, ಮುಖ ಸದಾ ನೆಲದ ಕಡೆ.

ಡಿ-405: ಸೈರನ್ನಿನಲ್ಲಿ ವ್ಯತ್ಯಾಸ?

ಕಾರ್ಯದರ್ಶಿ: ಏರಿಳಿಯುತ್ತಾ ಕೂಗಿದರೆ ಅಪಾಯ, ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು. ಅಲ್ಲಿಯವರೆಗೆ ಬಾಲ್ಕನಿಗೆ ಬಂದು ವಿಡಿಯೊ ಮಾಡೋದು ಬೇಡ, ಫೋನಿನ ಪರದೆಯೂ ಬೆಳಕೇ. ಪರೀಕ್ಷೆಗೆಂದು ಈ ರಾತ್ರಿ ಎಂಟಕ್ಕೆ ಕಿಟಕಿ ಮುಚ್ಚಿ ಮನೆಯೊಳಗಿನ ದೀಪಗಳನ್ನೆಲ್ಲ ಹಾಕಿಡಿ. ಬ್ಲಾಕಿಗೆ ಇಬ್ಬರು ಹೊರಗೆ ನಿಂತು ಎಲ್ಲಿ ಸೋರುತ್ತಿದೆ ಬರೆದುಕೊಳ್ಳಲಿ.

ಬಿ-302: ಬಚ್ಚಲುಮನೆ ವೆಂಟಿಲೇಟರ್‌ಗಳನ್ನೂ ನೋಡಲು ಹೇಳಿ ಸರ್. ಎಲ್ಲರೂ ಮರೆಯೋದು ಅದನ್ನೇ.